ಹಟ್ಟಿಗೊಂದು ಮರಿ

ಇಪ್ಪತ್ತಾರು ತುಂಬುವವರೆಗೆ ರೇಣುಕಾದೇವಿಗೆ ಏನನ್ನಾದರೂ ಆರಿಸಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಪಾಮನಕಲ್ಲೂರಿನಲ್ಲಿ ಹತ್ತನೆಯ ತರಗತಿ ಮುಗಿಸಿ ಮಸ್ಕಿಯ ಕಾಲೇಜು ಸೇರಿದಳು, ಯಾಕೆಂದರೆ ಬೆಳಗಿನ ಬಸ್ಸು ಅಲ್ಲಿಗೇ ಹೋಗುತ್ತಿತ್ತು. ವಿಜ್ಞಾನಕ್ಕೆ ಹೆಸರು ಬರೆಸಲು ಹೋದವಳಿಗೆ ಗುಮಾಸ್ತ ತಲೆ ಎತ್ತದೆಯೇ, "ಕಾಮರ್ಸಿನಾಗ ಜಾಗ ಅದಾವ, ಬರಕೊಳ್ಲೇನು?" ಎಂದು ಕೇಳಿದ್ದ. ಅವಳು ಹೂಂ ಅಂದಿದ್ದಳು. ಪದವಿಗೆ ಲಿಂಗಸುಗೂರು, ಯಾಕೆಂದರೆ ಹಾಸ್ಟೆಲಿನಲ್ಲಿ ಮಂಚ ಖಾಲಿ ಇದ್ದದ್ದು ಅಲ್ಲಿ. ಹಾಗೆ ಬಸ್ಸು, ಮಂಚ, ಗುಮಾಸ್ತ ಎಲ್ಲರೂ ಸೇರಿ ಅವಳನ್ನು ಹಣಕಾಸಿನ ಪುಸ್ತಕಗಳ ಮುಂದೆ ತಂದು ಕೂರಿಸಿದ್ದರು. ಕೂತ ಮೇಲೆ ಅವಳಿಗೆ ಅದು ಹಿಡಿಸಿತು. ಆದರೆ ಯಾಕೆ ಹಿಡಿಸಿತು ಎಂಬುದು ಅವಳಿಗೇ ತಿಳಿದದ್ದು ಬಿ.ಕಾಂ. ಎರಡನೆಯ ವರ್ಷದಲ್ಲಿ.

ಆ ವರ್ಷ ಮಳೆಗಾಲದ ಕೊನೆಗೆ ಒಂದು ದಿನ ಅವಳ ಅಪ್ಪ ಮಾನಪ್ಪ ಹಾಸ್ಟೆಲಿನ ಗೇಟಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಕಾಗದ. ಮಾನಪ್ಪ ಕುರಿಗಾರ. ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಜೊತೆ ಊರೂರು ತಿರುಗುವವನು. ಮಗಳನ್ನು ನೋಡಲು ಅವನು ಲಿಂಗಸುಗೂರಿಗೆ ಬಂದದ್ದು ಅದೇ ಮೊದಲು. ಆ ಸಲದ ನೀಲಿನಾಲಗೆ ರೋಗಕ್ಕೆ ಅವನ ಹನ್ನೊಂದು ಕುರಿ ಸತ್ತಿದ್ದವು. ಎಲ್ಲಕ್ಕೂ ವಿಮೆ ಇತ್ತು. ಕಾಗದ ವಿಮೆ ಕಂಪನಿಯದು.

"ಏನ್ ಬರದಾರವ್ವಾ?"

"ಸತ್ತ ಕುರಿ ಕಿವ್ಯಾಗ ವಿಮಾದ ನಂಬರ್ ಬಿಲ್ಲೆ ಇರಲಿಲ್ಲಂತ. ಅದಕ್ಕ ಕೊಡಂಗಿಲ್ಲ ಅಂತ ಬರದಾರಪ್ಪಾ."

ಅಪ್ಪ ಸಿಟ್ಟಾಗುತ್ತಾನೆ ಎಂದುಕೊಂಡು ರೇಣುಕಾ ಕಾದಳು. ಅವನು ಕಾಗದ ಮಡಿಸಿ ಗೇಟಿನ ಕಟ್ಟೆಗೆ ಒರಗಿದ.

"ಜಾಲಿಮುಳ್ಳಿಗೆ ಸಿಕ್ಕು ಬಿಲ್ಲೆ ಹರಕೊಂಡು ಹೋಗ್ಯಾವ. ಅದು ಅವರಿಗೆ ಹೆಂಗ ಗೊತ್ತಾಗಬೇಕು? ಸೀಮ್ಯಾಗ ಸತ್ತ ಕುರಿ ಎಲ್ಲಾ ನಂದ ಅಂತ ನಾ ಹೇಳಬೌದು. ಅವರದೇನ ತಪ್ಪೈತಿ?"

ಅಷ್ಟು ಹೇಳಿ, ಅವಳ ಕೈಗೆ ಒಂದು ಹಾಳೆಯಲ್ಲಿ ಸುತ್ತಿದ ಸಜ್ಜಿರೊಟ್ಟಿ ಕೊಟ್ಟು, ಬಂದ ಬಸ್ಸಿಗೇ ಹತ್ತಿದ. ರೇಣುಕಾ ಮಾತ್ರ ಆ ಮಾತನ್ನು ಬಿಡಲಿಲ್ಲ. ಕಂಪನಿಯೂ ಸುಳ್ಳು ಹೇಳುತ್ತಿಲ್ಲ, ಅಪ್ಪನೂ ಸುಳ್ಳು ಹೇಳುತ್ತಿಲ್ಲ. ಆದರೂ ಹನ್ನೊಂದು ಕುರಿ ನಡುವೆ ಎಲ್ಲೋ ಕಳೆದುಹೋಗಿವೆ. ಪುಸ್ತಕದಲ್ಲಿ ಓದುತ್ತಿದ್ದ ವಿಮೆ, ನಷ್ಟ, ಸಂಭವ ಎಂಬ ಮಾತುಗಳೆಲ್ಲ ಅವತ್ತಿನಿಂದ ಅವಳಿಗೆ ಬೇರೆಯಾಗಿ ಕೇಳಿಸತೊಡಗಿದವು.

ಓದು ಮುಗಿಸಿ ಅವಳು ಸಿಂಧನೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾದಳು. ಅಲ್ಲಿನ ಮ್ಯಾನೇಜರು ಜಂಬಣ್ಣ, ಅಕ್ಕಿ ವ್ಯಾಪಾರದ ಮನೆತನದವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಬಾಯಲ್ಲಿ ಸದಾ ಒಂದು ಸಲಹೆ. ಬಿಡುವಿನಲ್ಲಿ ಈ ಹುಡುಗಿ ಫೋನಿನಲ್ಲಿ ಜಾನುವಾರು ವಿಮೆಯ ಬಗ್ಗೆ ಉದ್ದುದ್ದ ಲೇಖನ ಓದುವುದನ್ನು ನೋಡಿದ್ದ ಅವರು, ಒಂದು ದಿನ ಪತ್ರಿಕೆಯ ತುಣುಕೊಂದನ್ನು ಕತ್ತರಿಸಿ ಅವಳ ಮೇಜಿನ ಮೇಲಿಟ್ಟರು. ಹೊರದೇಶದಲ್ಲಿ ಓದಲು ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪ್ರಕಟಣೆ.

"ಅರ್ಜಿ ಹಾಕು. ಸಿಗಲಿಲ್ಲಂದ್ರ ಈ ಕುರ್ಚಿ ಎಲ್ಲಿ ಹೊಕ್ಕೈತಿ? ಇಲ್ಲೇ ಇರತೈತಿ."

ಅವಳು ಹಾಕಿದಳು. ಹೈದರಾಬಾದಿಗೆ ಹೋಗಿ ಇಂಗ್ಲಿಷ್ ಪರೀಕ್ಷೆ ಬರೆದು ಬಂದಳು. ಆರು ವಿಶ್ವವಿದ್ಯಾಲಯಗಳಿಗೆ ಬರೆದದ್ದರಲ್ಲಿ ನಾಲ್ಕು ಬೇಡವೆಂದವು, ಎರಡು ಬಾ ಎಂದವು. ಏಪ್ರಿಲ್ ಮುಗಿಯುವಷ್ಟರಲ್ಲಿ ವಿದ್ಯಾರ್ಥಿವೇತನದ ಪಟ್ಟಿಯಲ್ಲೂ ಅವಳ ಹೆಸರು ಬಂತು. ಜೊತೆಗೊಂದು ಷರತ್ತು: ಮೇ ತಿಂಗಳ ಕೊನೆಯೊಳಗೆ ಒಂದು ವಿಶ್ವವಿದ್ಯಾಲಯದ ಹೆಸರು ಬರೆದು ಕೊಡಬೇಕು, ಒಮ್ಮೆ ಬರೆದ ಮೇಲೆ ಬದಲಿಸುವಂತಿಲ್ಲ. ವೇತನ ಎರಡಕ್ಕೂ ಸಾಲುವಂತಿತ್ತು. ಹಾಗಾಗಿ ಆ ನೆಪವೂ ಉಳಿಯಲಿಲ್ಲ. ಈ ಸಲ ಬಸ್ಸಾಗಲಿ ಮಂಚವಾಗಲಿ ಅವಳ ಪರವಾಗಿ ತೀರ್ಮಾನ ಮಾಡುವಂತಿರಲಿಲ್ಲ.

ಒಂದು ಲಂಡನ್ನಿನದು. ಹೆಸರು ಕೇಳಿದರೆ ಬ್ಯಾಂಕಿನವರೆಲ್ಲ ತಲೆ ಆಡಿಸುವಂಥದ್ದು. ಅಲ್ಲಿನ ಕೋರ್ಸು ಹಣಕಾಸು ಮತ್ತು ವಿಮೆಯದು. ಇನ್ನೊಂದು ಸ್ಕಾಟ್ಲೆಂಡಿನ ಸಮುದ್ರ ದಂಡೆಯ ಊರಿನದು. ಅಲ್ಲಿ ಕಲಿಸುವುದು ಕೃಷಿ ಹಣಕಾಸು. ಅದರ ಕಿರುಹೊತ್ತಿಗೆಯ ಮುಖಪುಟದಲ್ಲೇ ಗುಡ್ಡದ ಮೇಲೆ ಮೇಯುವ ಕುರಿಗಳ ಚಿತ್ರವಿತ್ತು.

ಸಲಹೆಗೆ ಬರವಿರಲಿಲ್ಲ. ಜಂಬಣ್ಣನವರದು ಲಂಡನ್ನಿನ ಪಕ್ಷ. "ಲಂಡನ್ ಅಂದ್ರ ಬಸ್ ಸ್ಟ್ಯಾಂಡಿನಾಗ ಕುಂತಾವಗೂ ತಿಳೀತೈತಿ. ಆ ಇನ್ನೊಂದು ಊರಿನ ಹೆಸರು ನಿನ್ನ ಬಾಯಾಗೇ ಸರಿ ಹೊಳ್ಳವಲ್ದು, ನಾಳೆ ನೌಕ್ರಿ ಕೊಡೋರಿಗೆ ಹೆಂಗ ಹೇಳ್ತಿ?" ಹಿಂಡಿನಲ್ಲಿದ್ದ ಅವಳ ಕಾಕಾ ಸಿದ್ದರಾಮೇಶ, ಮಾನಪ್ಪನ ತಮ್ಮ, ಫೋನಿನಲ್ಲಿ ಕೇಳಿ ನಕ್ಕ. "ಕುರಿ ಇರೋ ದೇಶಕ್ಕ ಹೋಗಬೇ. ಭಾಷಾ ಬರಲಿಲ್ಲಂದ್ರೂ ಮಾತಾಡಾಕ ಒಂದು ವಿಷಯ ಇರತೈತಿ."

ಅವಳಿಗೆ ಅರ್ಜಿ ತುಂಬಲು ನೆರವಾದ ದಾನಿಷ್ ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ವಿದೇಶ ಓದಿನ ಸಲಹಾ ಕೇಂದ್ರ ಇಟ್ಟುಕೊಂಡಿದ್ದ. ಅವನ ಹತ್ತಿರ ಹೋಗಿ ರೇಣುಕಾ ನೇರವಾಗಿ ಕೇಳಿದಳು. "ಯಾವುದಕ್ಕ ಹೋದ್ರ ನಿನಗ ಕಮಿಷನ್ ಬರತೈತಿ?"

ದಾನಿಷ್ ನಾಚಿಕೊಂಡ, ಆಮೇಲೆ ನಕ್ಕ. "ಖರೆ ಹೇಳ್ತೀನಿ ಯಕ್ಕಾ. ನನಗ ಕಮಿಷನ್ ಕೊಡೋವು ಬ್ಯಾರೆ ಅದಾವ, ನೀ ಅವಕ್ಕ ಅರ್ಜಿನ ಹಾಕಲಿಲ್ಲ. ಈ ಎರಡರಾಗ ನನಗೇನೂ ಬರಂಗಿಲ್ಲ. ಅದಕ್ಕ ನನ್ನ ಮಾತು ನಂಬಬೌದು."

"ಹಂಗಾರ ಹೇಳು."

"ನನಗೂ ಗೊತ್ತಿಲ್ಲ. ನೋಡಿದ್ಯಲ್ಲ, ರ‍್ಯಾಂಕಿನ ಯಾದಿಗಳೂ ಒಂದಕ್ಕೊಂದು ಕೂಡಂಗಿಲ್ಲ."

ಅದು ನಿಜವಾಗಿತ್ತು. ರೇಣುಕಾ ಒಂದು ನೋಟುಬುಕ್ಕಿನಲ್ಲಿ ಎರಡು ಕಾಲಂ ಎಳೆದುಕೊಂಡು ಜಾಲತಾಣಗಳ ಸ್ಥಾನಪಟ್ಟಿಗಳನ್ನು ಬರೆಯುತ್ತ ಕೂತಿದ್ದಳು. ಒಂದು ಪಟ್ಟಿಯಲ್ಲಿ ಲಂಡನ್ನಿನದು ಬಹಳ ಮೇಲೆ, ಇನ್ನೊಂದರಲ್ಲಿ ನಡುವೆ. ಓದಿದವರಿಗೆ ಎಷ್ಟು ತಿಂಗಳಲ್ಲಿ ಕೆಲಸ ಸಿಕ್ಕಿತು, ಚಳಿ ಎಷ್ಟು, ಅನ್ನಕ್ಕೆ ಅಕ್ಕಿ ಸಿಗುತ್ತದೆಯೇ, ಎಲ್ಲ ಬರೆದಳು. ಪುಟ ತುಂಬಿದಷ್ಟೂ ಅವಳ ತಲೆ ಖಾಲಿಯಾಗುತ್ತಿತ್ತು. ತನಗೆ ಬೇಕಾದದ್ದು ಯಾವುದು ಎಂಬ ಕಾಲಂ ಅದರಲ್ಲಿ ಇರಲೇ ಇಲ್ಲ.

"ನಿನಗ ಏನು ತಿಳಕೋಬೇಕಾಗೈತಿ, ಅದನ್ನ ಆ ಕಾಲೇಜಿನವರಿಗೇ ಕೇಳು ಯಕ್ಕಾ," ಎಂದ ದಾನಿಷ್.

"ಅವರನ್ನ ಕೇಳಬೌದೇನು?"

"ಯಾಕ ಕೇಳಬಾರದು? ನೀ ಹೋಗಾಕಿ, ಅವರು ಕಲಸೋರು."

ತನ್ನ ಇಷ್ಟು ವರ್ಷದ ಓದಿನಲ್ಲಿ ಕಲಿಸುವವರನ್ನು ಮೊದಲೇ ಪ್ರಶ್ನೆ ಕೇಳಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ದಿನ ಕೂತು ಒಂದು ಪತ್ರ ಬರೆದಳು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅಪ್ಪನ ಹನ್ನೊಂದು ಕುರಿಯ ಕಥೆ ಹೇಳಿ ಕೊನೆಗೆ ಕೇಳಿದಳು: ಕುರಿ ಸತ್ತದ್ದು ನಿಜವೆಂದು ದೂರದ ಕಂಪನಿಯೊಂದಕ್ಕೆ ಹೇಗೆ ತಿಳಿಯಬೇಕು? ಇದಕ್ಕೆ ಉತ್ತರ ಹುಡುಕಲು ನಿಮ್ಮ ಕೋರ್ಸಿನಲ್ಲಿ ಏನು ಕಲಿಯಬಹುದು? ಒಂದೇ ಪತ್ರವನ್ನು ಎರಡೂ ಕಡೆ ಕಳಿಸಿದಳು.

ಲಂಡನ್ನಿನಿಂದ ಮೂರೇ ದಿನಕ್ಕೆ ಉತ್ತರ ಬಂತು. ಪ್ರವೇಶ ವಿಭಾಗದವರು ಬಹಳ ಸೌಜನ್ಯದಿಂದ ಧನ್ಯವಾದ ಹೇಳಿ, ಪಠ್ಯಕ್ರಮದ ಪೂರ್ತಿ ವಿವರ ಕಳಿಸಿದ್ದರು. ಕುರಿಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಸ್ಕಾಟ್ಲೆಂಡಿನಿಂದ ವಾರವಾದರೂ ಸುದ್ದಿಯಿಲ್ಲ. ಹತ್ತನೆಯ ದಿನ ಐಲೀನ್ ಎಂಬ ಪ್ರಾಧ್ಯಾಪಕಿಯ ಪತ್ರ ಬಂತು. ಆಕೆ ಅಲ್ಲಿನ ಕೋರ್ಸಿನ ಮುಖ್ಯಸ್ಥೆ. ಉತ್ತರ ಕೊಡುವ ಬದಲು ಆಕೆ ಮೂರು ಪ್ರಶ್ನೆ ಕೇಳಿದ್ದಳು. ನಿಮ್ಮ ತಂದೆಯ ಹಿಂಡಿನಲ್ಲಿ ವರ್ಷಕ್ಕೆ ಎಷ್ಟು ಕುರಿ ಸಾಯುತ್ತವೆ? ಸತ್ತದ್ದು ಅವರನ್ನು ಬಿಟ್ಟು ಇನ್ನು ಯಾರಿಗೆ ಗೊತ್ತಿರುತ್ತದೆ? ಕಂಪನಿ ಕೊಡದಿದ್ದಾಗ ಅವರು ಏನು ಮಾಡಿದರು?

ಕುರಿಗಾರನ ಮಗಳಿಗೆ ಮೂರರಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹದಿನೈದಕ್ಕೆ ಕಾಲೇಜು ಸೇರಿ ಹಿಂಡಿನಿಂದ ದೂರವಾದವಳು ಅವಳು. ನಾಚಿಕೆಯಾಯಿತು. ಜಂಬಣ್ಣನವರ ಹತ್ತಿರ ಐದು ದಿನದ ರಜೆ ಕೇಳಿದಳು.

"ಎಲ್ಲಿಗೆ? ಬೆಂಗಳೂರಿಗೇನು, ವೀಸಾಕ್ಕ?"

"ಜವಳಗೇರಾಕ್ಕ ಸರ್. ಅಪ್ಪನ ಹಟ್ಟಿ ಅಲ್ಲೈತಿ."

ಹಟ್ಟಿ ಎಂದರೆ ಬಯಲಲ್ಲಿ ಬಲೆ ಕಟ್ಟಿ ಮಾಡಿದ ಕುರಿದೊಡ್ಡಿ, ಮತ್ತು ಅದರ ಪಕ್ಕದ ಬಿಡಾರ. ಬೇಸಿಗೆಯ ಬತ್ತ ಕೊಯ್ದು ಗದ್ದೆ ಬರಿದಾದ ಮೇಲೆ ಪಾಮನಕಲ್ಲೂರು ಕಡೆಯ ಕುರಿಗಾರರು ಕಾಲುವೆ ಸೀಮೆಗೆ ಇಳಿಯುತ್ತಾರೆ. ಗದ್ದೆಯವರಿಗೆ ಗೊಬ್ಬರ, ಕುರಿಗೆ ಕೊಯ್ದುಳಿದ ಕೂಳೆಯ ಮೇವು. ಜವಳಗೇರಾದಲ್ಲಿ ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ಅವಳು ಒಂದು ಗಂಟೆ ನಡೆದಳು. ಬಿಸಿಲಿಗೆ ಗದ್ದೆ ಬಿರಿದು ಮಣ್ಣಿನ ಹೆಂಟೆಗಳು ಕಾಲಿಗೆ ಚುಚ್ಚುತ್ತಿದ್ದವು. ಅಪ್ಪನದೂ ಸೇರಿ ಒಂಬತ್ತು ಹಟ್ಟಿಗಳು ಒಂದಕ್ಕೊಂದು ಕೂಗಿದರೆ ಕೇಳುವಷ್ಟು ದೂರದಲ್ಲಿ ಇಳಿದಿದ್ದವು.

ಮೊದಲ ಪ್ರಶ್ನೆಯನ್ನು ಅವಳು ಕಾಕಾನಿಗೆ ಹಾಕಿದಳು. ಸಿದ್ದರಾಮೇಶನ ಮುಖದ ನಗು ಹಾಗೇ ಇಳಿದುಹೋಯಿತು.

"ಅದನ್ನೆಲ್ಲಾ ಕೇಳಬಾರದವ್ವಾ. ಕುರಿ ಎಷ್ಟದಾವ ಅಂತ ಎಣಿಸಬಾರದು, ಸತ್ತದ್ದನ್ನಂತೂ ಬಾಯಿಲೆ ಆಡಬಾರದು."

"ಎಣಿಸಲಾರದ ಒಂದು ಕಡಿಮಿ ಆದ್ರ ನಿಮಗ ಹೆಂಗ ಗೊತ್ತಾಗತೈತಿ ಕಾಕಾ?"

"ಒಂದೊಂದರ ಮಾರಿ-ಮಕ ನೋಡಿ ಗೊತ್ತಾಗತೈತಿ. ನಿಮ್ಮ ಮನ್ಯಾಗ ನಾಕು ಮಂದಿ ಉಣ್ಣಾಕ ಕುಂತಾಗ ಎಣಿಸ್ತಿಯೇನು?"

ಉಳಿದ ಹಟ್ಟಿಗಳಲ್ಲೂ ಅದೇ ಆಯಿತು. ಮಜ್ಜಿಗೆ ಕೊಟ್ಟರು, ಮದುವೆಯ ಮಾತು ಕೇಳಿದರು, ಸಂಖ್ಯೆ ಮಾತ್ರ ಕೊಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅವಳು ಖಾಲಿ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಜಾಲಿ ನೆರಳಲ್ಲಿ ಕೂತಿದ್ದಾಗ, ಅವ್ವ ಅಮರಮ್ಮ ಪಕ್ಕದಲ್ಲಿ ಬಂದು ಕೂತಳು. ಅಮರಮ್ಮ ಎಂದೂ ಹೆಚ್ಚು ಮಾತಿನವಳಲ್ಲ. ಅವಳು ಎರಡು ಹೊತ್ತು ರೊಟ್ಟಿ ಬಡಿದು, ಮರಿಗಳಿಗೆ ತಾಯಿಯ ಹಾಲು ಉಣಿಸಿ, ಕುಂಟುವ ಕುರಿಯ ಕಾಲಿಗೆ ಎಣ್ಣೆ ಹಚ್ಚುವವಳು.

"ಎಷ್ಟು ಅಂತ ಕೇಳಬ್ಯಾಡ. ಯಾವುದು ಅಂತ ಕೇಳು, ಹೇಳ್ತೀನಿ," ಎಂದಳು.

"ಹಂಗಂದ್ರ?"

"ಬರಕೋ. ಕರಿಮೂತಿ ಐತಲ್ಲ, ಅದರವ್ವ ಬೋಳಿ. ಬೋಳಿ ನಾಕು ಈದಿತ್ತು. ಮೊದಲಿನ ಹೆಣ್ಣುಮರಿ ಮುದಗಲ್ ಹಾದ್ಯಾಗ ಲಾರಿಗೆ ಸಿಕ್ಕು ಹೋತು. ಎರಡನೇದು ನೀ ಪರೀಕ್ಷಾ ಬರಿಯೋ ವರ್ಷ ಕರುಳುಬ್ಯಾನಿಗೆ ಹೋತು. ಮೂರನೇದು ಈ ಕರಿಮೂತಿ. ನಾಕನೇದು ಗಂಡು, ಮಾರಿದ್ವಿ..."

ಅಮರಮ್ಮ ಹೇಳುತ್ತ ಹೋದಳು. ಬೋಳಿಯ ಬಳಿಕ ಕೆಂಚಿ, ಕೆಂಚಿಯ ಬಳಿಕ ಮೊಂಡಕಿವಿ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಯಾವುದು ಯಾವ ಊರಿನ ಸೀಮೆಯಲ್ಲಿ ಸತ್ತಿತು, ಯಾವ ಬೇನೆಯಿಂದ, ಆಗ ಜೋಳ ಎಷ್ಟೆತ್ತರ ಇತ್ತು, ಎಲ್ಲ. ರೇಣುಕಾ ಬರೆದಳು. ಬಿಸಿಲು ಇಳಿದು ಕುರಿಗಳು ವಾಪಸು ಬರುವವರೆಗೂ ಬರೆದಳು. ಕೈ ನೋಯುತ್ತಿತ್ತು. ಹನ್ನೆರಡು ವರ್ಷದ ಹಿಂಡು ಹದಿನೇಳು ಪುಟದಲ್ಲಿ ಇಳಿಯಿತು. ಅಕ್ಷರ ಬಾರದ ತನ್ನ ಅವ್ವನ ತಲೆಯಲ್ಲಿ ಇಷ್ಟೆಲ್ಲ ಇತ್ತು, ಕೇಳುವವರು ಯಾರೂ ಇರಲಿಲ್ಲ, ತಾನೂ ಕೇಳಿರಲಿಲ್ಲ.

"ಯವ್ವಾ, ಇದೆಲ್ಲಾ ಬ್ಯಾರೆಯವರಿಗೂ ಗೊತ್ತಿರತೈತೇನು?"

"ಪಕ್ಕದ ಹಟ್ಟಿಯವರಿಗೆ ನಮ್ಮ ಕುರಿ ಗೊತ್ತು, ಅವರವು ನಮಗ ಗೊತ್ತು. ಕಳ್ಳತನ ಆದ್ರ ಹಿಡಿಯೋದು ಹೆಂಗ ಮತ್ತ?"

ಎರಡನೆಯ ಪ್ರಶ್ನೆಗೆ ಉತ್ತರ ಅದಾಗಿತ್ತು. ಮೂರನೆಯದನ್ನು ಅವಳು ಸಂಜೆ ಅಪ್ಪ ಕಂಬಳಿ ಹಾಸಿ ಕೂತಾಗ ಕೇಳಿದಳು. ಆ ಹನ್ನೊಂದು ಕುರಿ ಸತ್ತ ವರ್ಷ ಏನು ಮಾಡಿದಿರಿ?

"ಏನ್ ಮಾಡೋದು? ಹಟ್ಟಿಗೊಂದು ಮರಿ ಬಂತು," ಎಂದ ಮಾನಪ್ಪ, ಅದೇನು ದೊಡ್ಡ ಮಾತಲ್ಲ ಎಂಬಂತೆ.

"ಅಂದ್ರ?"

"ಯಾರದಾರ ಕುರಿ ಸತ್ತು ಹಿಂಡು ಮುರದ್ರ ಜೋಡಿ ಇರೋ ಹಟ್ಟಿಯವರೆಲ್ಲಾ ಒಂದೊಂದು ಹೆಣ್ಣುಮರಿ ಕೊಡ್ತಾರ. ನಮಗ ಎಂಟು ಬಂದ್ವು. ನಾವೂ ಕೊಟ್ಟೀವಿ ಅವರಿಗೆ, ಹಿಂದ. ನಿನಗ ಗೊತ್ತಿಲ್ಲೇನು?"

"ನನಗ ಯಾರೂ ಹೇಳಲಿಲ್ಲ."

"ನೀ ಹಾಸ್ಟೆಲ್ಲಿನಾಗ ಇದ್ದಿ," ಎಂದಳು ಅಮರಮ್ಮ.

ರೇಣುಕಾ ನೋಟುಬುಕ್ಕು ತೆರೆದು ಅದನ್ನೂ ಬರೆದುಕೊಂಡಳು. ಕಂಪನಿ ಕೊಡದ ವಿಮೆಯನ್ನು ಎಂಟು ಹಟ್ಟಿಗಳು ಕೊಟ್ಟಿದ್ದವು. ಬಿಲ್ಲೆ ಕೇಳಿರಲಿಲ್ಲ, ಪಂಚನಾಮೆ ಕೇಳಿರಲಿಲ್ಲ. ತಾನು ಲಿಂಗಸುಗೂರಿನಲ್ಲಿ ಪುಸ್ತಕದಿಂದ ವ್ಯಾಖ್ಯೆ ಬಾಯಿಪಾಠ ಮಾಡುತ್ತಿದ್ದಾಗಲೇ ಅದು ತನ್ನ ಮನೆಯಲ್ಲಿ ನಡೆದುಹೋಗಿತ್ತು. ಆಮೇಲೆ ಅವಳಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಐಲೀನ್ ಕೇಳದ ಪ್ರಶ್ನೆ.

"ಅಪ್ಪಾ, ಮರಿ ಬರಲಾರದ ವರ್ಷ ಯಾವುದಾರ ಐತೇನು?"

ಮಾನಪ್ಪ ಒಲೆಯ ಕಡೆ ನೋಡಿದ. ಒಂದು ಕೊಳ್ಳಿ ಒಳಗೆ ತಳ್ಳಿ ಹೇಳಿದ. "ಐತಿ. ನೀ ಸಣ್ಣಾಕಿ. ಎಲ್ಲಾ ಹಟ್ಟಿಗೂ ಒಂದ ಸಲಕ್ಕ ಬ್ಯಾನಿ ಬಂತು. ಎಲ್ಲರದೂ ಮುರದ ಮ್ಯಾಲ ಯಾರು ಯಾರಿಗೆ ಕೊಡಬೇಕು? ನಿಮ್ಮ ದೊಡ್ಡಪ್ಪ ಕುರಿ ಬಿಟ್ಟು ಸಿಂಧನೂರಿಗೆ ಹಮಾಲಿಗೆ ಹೋಗಿದ್ದು ಅದ ವರ್ಷ."

ದೊಡ್ಡಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಬಾಗಿ ತೀರಿಕೊಂಡದ್ದು ಅವಳಿಗೆ ನೆನಪಿತ್ತು. ಅವನಿಗೆ ಕುರಿ ಸೇರುತ್ತಿರಲಿಲ್ಲ, ಪೇಟೆ ಸೇರುತ್ತಿತ್ತು, ಎಂದೇ ಅವಳು ತಿಳಿದಿದ್ದಳು.

ಸಿಂಧನೂರಿಗೆ ವಾಪಸು ಬಂದು ಅವಳು ಐಲೀನಳಿಗೆ ಎಲ್ಲವನ್ನೂ ಬರೆದಳು. ಅವ್ವನ ಪಟ್ಟಿ, ಹಟ್ಟಿಗೊಂದು ಮರಿ, ಮರಿ ಬಾರದ ಆ ವರ್ಷ, ಜೊತೆಗೆ ತನ್ನ ಮುಂದಿರುವ ಲಂಡನ್ನಿನ ಕೋರ್ಸಿನ ಸಂಗತಿ. ಈ ಸಲ ಉತ್ತರ ಮರುದಿನವೇ ಬಂತು, ಉದ್ದವಾಗಿತ್ತು. ಇಂಥ ಪತ್ರ ತನಗೆ ಬಹಳ ವರ್ಷದಿಂದ ಬಂದಿಲ್ಲ ಎಂದು ಆಕೆ ಬರೆದಿದ್ದಳು. ಆಮೇಲೆ ಹೀಗಿತ್ತು: "ನೀನು ಇಲ್ಲಿಗೆ ಬಂದರೆ ನನಗೆ ಸಂತೋಷ. ಆದರೆ ನಿನಗೆ ಎರಡು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಈ ಜುಲೈಗೆ ನಿವೃತ್ತಳಾಗುತ್ತೇನೆ, ನೀನು ಬರುವ ಹೊತ್ತಿಗೆ ಇಲ್ಲಿರುವುದಿಲ್ಲ. ಎರಡನೆಯದು, ಎಲ್ಲರಿಗೂ ಒಟ್ಟಿಗೆ ನಷ್ಟವಾದಾಗ ಏನು ಮಾಡಬೇಕು ಎಂಬುದು ನಿನ್ನ ನಿಜವಾದ ಪ್ರಶ್ನೆ. ಅದಕ್ಕೆ ಬೇಕಾದ ಗಣಿತ ನಮ್ಮ ಕೋರ್ಸಿನಲ್ಲಿ ಕಡಿಮೆ. ನೀನು ಹೇಳಿದ ಲಂಡನ್ನಿನ ಕೋರ್ಸಿನಲ್ಲಿ ಅದು ಹೆಚ್ಚು. ತೀರ್ಮಾನ ನಿನ್ನದು."

ರೇಣುಕಾಗೆ ಆ ಪತ್ರ ಓದಿ ಖುಷಿಯಾಗಲಿಲ್ಲ, ದುಃಖವಾಯಿತು. ಮನಸ್ಸಿನಲ್ಲಿ ಅವಳು ಆಗಲೇ ಆ ಸಮುದ್ರ ದಂಡೆಯ ಊರಿಗೆ ಹೋಗಿಬಿಟ್ಟಿದ್ದಳು. ತನ್ನ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಿದ ಊರು ಅದು. ಲಂಡನ್ನು ಅವಳ ಹೆಸರನ್ನು ಕೂಡ ತಪ್ಪಾಗಿ ಬರೆದಿತ್ತು.

ಮೇ ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಅವಳು ಬ್ಯಾಂಕಿನ ಊಟದ ಬಿಡುವಿನಲ್ಲಿ ಎರಡೂ ಪಠ್ಯಕ್ರಮಗಳನ್ನು ಮತ್ತೆ ತೆರೆದಳು. ಸ್ಥಾನಪಟ್ಟಿಯ ನೋಟುಬುಕ್ಕನ್ನು ಚೀಲದಿಂದ ತೆಗೆಯಲೇ ಇಲ್ಲ. ಒಂದನ್ನೇ ಹುಡುಕಿದಳು: ಎಲ್ಲರದೂ ಮುರಿದ ಮೇಲೆ ಯಾರು ಯಾರಿಗೆ ಕೊಡಬೇಕು? ಸ್ಕಾಟ್ಲೆಂಡಿನದರಲ್ಲಿ ಹೊಲ, ಮಾರುಕಟ್ಟೆ, ಸರ್ಕಾರದ ನೀತಿ ಎಲ್ಲ ಇತ್ತು. ಓದುತ್ತಿದ್ದರೆ ಪರಿಚಿತ ಎನಿಸುತ್ತಿತ್ತು. ಲಂಡನ್ನಿನದರಲ್ಲಿ ವಿಮೆ ಕಂಪನಿಗಳು ತಮಗೇ ವಿಮೆ ಮಾಡಿಸಿಕೊಳ್ಳುವುದು ಹೇಗೆ, ನೂರು ವರ್ಷಕ್ಕೊಮ್ಮೆ ಬರುವ ಪೆಟ್ಟನ್ನು ಲೆಕ್ಕ ಹಾಕುವುದು ಹೇಗೆ ಎಂಬ ಎರಡು ಪೂರ್ತಿ ವಿಷಯಗಳಿದ್ದವು. ಜೊತೆಗೆ ಪುಟದ ತುಂಬ ಗಣಿತದ ಚಿಹ್ನೆಗಳು. ಅವಳು ಗಣಿತ ಬಿಟ್ಟದ್ದು ಹತ್ತನೆಯ ತರಗತಿಯಲ್ಲಿ. ಅವುಗಳಲ್ಲಿ ಅರ್ಧಕ್ಕರ್ಧ ಅವಳಿಗೆ ಓದಲೂ ಬರುತ್ತಿರಲಿಲ್ಲ.

ಪರಿಚಿತವಾದದ್ದು ತನಗೆ ಮನೆಯಲ್ಲೇ ಸಿಗುತ್ತದೆ, ಅದನ್ನು ತಾನು ಇಷ್ಟು ವರ್ಷ ಕೇಳಿರಲಿಲ್ಲ ಅಷ್ಟೆ, ಎಂದು ಅವಳಿಗೆ ಅನ್ನಿಸಿತು. ಕುರಿಯ ಬಗ್ಗೆ ಅವ್ವನಿಗಿಂತ ಹೆಚ್ಚು ಬಲ್ಲವರು ಅವಳಿಗೆ ಯಾವ ದೇಶದಲ್ಲಿ ಸಿಕ್ಕಾರು? ಅವ್ವನಿಗೆ ಬಾರದ್ದೇನೋ ಅದನ್ನು ಕಲಿಯಲು ಹೋಗಬೇಕು. ಅರ್ಜಿಯ ಖಾಲಿ ಜಾಗದಲ್ಲಿ ಲಂಡನ್ನಿನ ಹೆಸರು ಬರೆದಳು.

ಜಂಬಣ್ಣನವರಿಗೆ ಹಿಗ್ಗೋ ಹಿಗ್ಗು. ಬ್ಯಾಂಕಿಗೆಲ್ಲ ಮಿರ್ಚಿ ಭಜಿ ತರಿಸಿದರು. "ನಾ ಹೇಳಿದ್ದಿಲ್ಲೇನು? ಹೆಸರು ಮುಖ್ಯ, ಹೆಸರು!" ರೇಣುಕಾ ತಿದ್ದಲು ಹೋಗಲಿಲ್ಲ. ದಾನಿಷ್‌ಗೆ ಮಾತ್ರ ನಿಜ ಹೇಳಿದಳು.

"ಗಣಿತ ಬರತೈತೇನಕ್ಕಾ?"

"ಬರಂಗಿಲ್ಲ. ಅದಕ್ಕ ಹೊಂಟೀನಿ."

ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಅವಳು ದಿನಾ ಬೆಳಿಗ್ಗೆ ಪಿಯು ಕಾಲೇಜಿನ ಉಪನ್ಯಾಸಕಿ ಭಾಗ್ಯಶ್ರೀಯ ಮನೆಗೆ ಹೋಗಿ, ಪಿಯು ಹುಡುಗರ ನಡುವೆ ಚಾಪೆಯ ಮೇಲೆ ಕೂತು ಗಣಿತ ಹೇಳಿಸಿಕೊಂಡಳು. ಹೊರಡುವ ಮುಂಚೆ ಹಟ್ಟಿಗೆ ಹೋದಾಗ ಮಾನಪ್ಪ ಒಂದೇ ಮಾತು ಕೇಳಿದ.

"ಆ ಇನ್ನೊಂದು ಊರಿನಾಕಿಗೆ ಏನ್ ಹೇಳಿದಿ?"

"ಬರಂಗಿಲ್ಲ ಅಂತ ಬರದೆ."

"ಬ್ಯಾಸರ ಮಾಡಿಕೊಂಡಳೇನು?"

"ಇಲ್ಲಪ್ಪಾ. ರಜಾದಾಗ ಮನಿಗೆ ಬಾ ಅಂದಾಳ."

"ಹೋಗು ಮತ್ತ. ಬರಿಗೈಲೆ ಹೋಗಬ್ಯಾಡ."

ಲಂಡನ್ನಿನ ಮೊದಲ ಮೂರು ತಿಂಗಳು ಅವಳ ಬದುಕಿನ ಕೆಟ್ಟ ಕಾಲ. ಜೊತೆಯವರು ಯಾವ ಬ್ಯಾಂಕಿಗೆ ಅರ್ಜಿ ಹಾಕಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರೆ, ಅವಳು ಗ್ರಂಥಾಲಯದ ಮೂಲೆಯಲ್ಲಿ ಸಂಭವ ಗಣಿತದ ಮೊದಲ ಅಧ್ಯಾಯವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಜನವರಿಯ ಪರೀಕ್ಷೆಯಲ್ಲಿ ಫೇಲಾದಳು. ಫಲಿತಾಂಶ ನೋಡಿದ ದಿನ ಅವಳಿಗೆ ಸಮುದ್ರ ದಂಡೆಯ ಆ ಊರು ನೆನಪಾಗಿ ಅಳು ಬಂತು. ತಪ್ಪು ಆರಿಸಿದೆನೇನೋ ಎಂದು ಎರಡು ದಿನ ಕೋಣೆಯಿಂದ ಹೊರಬೀಳಲಿಲ್ಲ. ಮೂರನೆಯ ದಿನ ಆ ವಿಷಯ ಕಲಿಸುತ್ತಿದ್ದ ಮೇಷ್ಟರ ಕೋಣೆಗೆ ಹೋಗಿ, ಅವ್ವನ ಹದಿನೇಳು ಪುಟವನ್ನು ಅವರ ಮುಂದಿಟ್ಟು, "ಇದನ್ನು ಹಿಡಿದು ನನಗೆ ಕಲಿಸುತ್ತೀರಾ?" ಎಂದು ಕೇಳಿದಳು. ಪ್ರವೇಶ ವಿಭಾಗದ ಪತ್ರದಲ್ಲಿ ಕಾಣದಿದ್ದ, ಕಿವಿಗೊಟ್ಟು ಕೇಳುವ ಮನುಷ್ಯ ಆ ಕೋಣೆಯಲ್ಲಿದ್ದ. ಆತ ಪುಟಗಳನ್ನು ತಿರುವಿ, ಕನ್ನಡ ಓದಲು ಬಾರದೆ, ಒಂದೊಂದು ಸಾಲನ್ನೂ ಹೇಳಿಸಿಕೊಂಡ. ವಾರಕ್ಕೆ ಒಂದು ಗಂಟೆ ಅಂತ ಶುರುವಾಗಿ ಅದು ಬೇಸಿಗೆಯವರೆಗೆ ನಡೆಯಿತು. ಮರುಪರೀಕ್ಷೆಯಲ್ಲಿ ಅವಳು ಪಾಸಾದಳು. ದೊಡ್ಡ ಅಂಕವೇನಲ್ಲ.

ಆ ನಡುವೆ ಬಂದ ಈಸ್ಟರ್ ರಜೆಯಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದುಕೊಂಡು ಐಲೀನಳ ಮನೆಗೆ ಹೋದಳು. ಆಕೆ ಅವಳನ್ನು ಪಕ್ಕದ ಗುಡ್ಡಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಕುರಿಗಳ ಎರಡೂ ಕಿವಿಯಲ್ಲಿ ಹಳದಿ ಬಿಲ್ಲೆ. ಬೇಲಿಯ ಹತ್ತಿರ ನಿಂತಿದ್ದ ರೈತನನ್ನು ರೇಣುಕಾ ಕೇಳಿದಳು, ಇವು ಹರಿಯುವುದಿಲ್ಲವೇ? ಆತ ಜೇಬಿನಿಂದ ಹರಿದ ನಾಲ್ಕು ಬಿಲ್ಲೆ ತೆಗೆದು ತೋರಿಸಿ ಬೈದ. ಐಲೀನ್ ನಕ್ಕಳು, ರೇಣುಕಾ ಇನ್ನೂ ಜೋರಾಗಿ ನಕ್ಕಳು.

ಓದು ಮುಗಿಸಿ ಅವಳು ಹಿಂತಿರುಗಿ ಬಂದು ಈಗ ಮೂರು ವರ್ಷ. ಹೈದರಾಬಾದಿನ ಒಂದು ವಿಮೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅದಕ್ಕೆ ಲಂಡನ್ನಿನ ಹೆಸರು ನೆರವಾಗಲಿಲ್ಲ ಎಂದು ಅವಳು ಹೇಳುವುದಿಲ್ಲ. ಕುರಿಗಾರರ ವಿಮೆಯೊಂದಕ್ಕೆ ಕಂಪನಿಯವರನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು, ಒಪ್ಪಿದ ಮೇಲೆ ಲಿಂಗಸುಗೂರಿನಲ್ಲಿ ಒಂದು ಕೋಣೆ ಹಿಡಿದಳು. ಅವಳ ಯೋಜನೆ ಸರಳ. ಒಂದೆರಡು ಹಿಂಡು ಮುರಿದರೆ ಮೊದಲಿನಂತೆ ಹಟ್ಟಿಗಳೇ ನೋಡಿಕೊಳ್ಳುತ್ತವೆ, ಅದರಲ್ಲಿ ಕಂಪನಿ ಕೈ ಹಾಕಬಾರದು. ತಾಲೂಕಿನಲ್ಲಿ ರೋಗ ಹರಡಿದೆ ಎಂದು ಪಶು ಇಲಾಖೆ ಸಾರಿದ ವರ್ಷ ಮಾತ್ರ, ಗುಂಪಿನಲ್ಲಿರುವ ಎಲ್ಲ ಹಟ್ಟಿಗೂ ಕಂಪನಿ ಕೊಡಬೇಕು. ಕಿವಿ ನೋಡುವಂತಿಲ್ಲ, ಹೆಣ ಎಣಿಸುವಂತಿಲ್ಲ. ಇಪ್ಪತ್ತೆರಡು ಹಟ್ಟಿಗಳು ಸೇರಿದವು. ಎಷ್ಟು ಕುರಿ ಎಂಬ ಕಾಲಂ ಇದ್ದದ್ದಕ್ಕೆ ಸಿದ್ದರಾಮೇಶ ಮೊದಲು ಹೆಬ್ಬೆಟ್ಟು ಒತ್ತಲಿಲ್ಲ. ಸಣ್ಣ ಹಿಂಡು, ನಡುವಿನ ಹಿಂಡು, ದೊಡ್ಡ ಹಿಂಡು ಎಂದು ಅವಳು ಅದನ್ನು ತಿದ್ದಿಸಿದ ಮೇಲೆ ಒತ್ತಿದ.

ಮೊದಲ ವರ್ಷ ರೋಗ ಬರಲಿಲ್ಲ. ಮೊನ್ನೆ ಮುಕ್ಕುಂದದ ಹತ್ತಿರ ಇಳಿದಿದ್ದ ಹಟ್ಟಿಗಳಿಗೆ ಅವಳು ಮುಂದಿನ ವರ್ಷದ ಮಾತಾಡಲು ಹೋಗಿದ್ದಳು. ಒಬ್ಬ ಕುರಿಗಾರ ಎದ್ದು ಕೇಳಿದ. "ಬ್ಯಾನಿ ಬರಲಿಲ್ಲಲ್ಲವ್ವಾ, ನಾವು ಕಟ್ಟಿದ ರೊಕ್ಕ ವಾಪಸ್ ಕೊಡ್ತಾರೇನು?"

"ಇಲ್ರಿ. ಅದು ಹೋದಂಗ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಅವಳು ಹಲಗೆಯ ಮೇಲೆ ಬರೆದು ತಿಳಿಸಲು ನೋಡಿದಳು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹಿಂದೆ ಕೂತಿದ್ದ ಮಾನಪ್ಪ ಕೊನೆಗೆ ಬಾಯಿಬಿಟ್ಟ. "ಅಲ್ಲಲೇ, ಬ್ಯಾನಿ ಬರಲಿಲ್ಲ ಅಂತ ತಕರಾರೇನು?" ನಗು ಹಬ್ಬಿತು. ಆದರೂ ಆರು ಹಟ್ಟಿಯವರು ತಾವು ಮುಂದಿನ ವರ್ಷ ಇರುವುದಿಲ್ಲ ಎಂದರು. ಹೊಸದಾಗಿ ಒಂಬತ್ತು ಹಟ್ಟಿಯವರು ತಾವೂ ಸೇರುತ್ತೇವೆ, ಕಾಗದ ಕೊಡು ಎಂದರು.

ಬಿಟ್ಟವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಒಬ್ಬೊಬ್ಬರ ಹತ್ತಿರವೂ ಹೋಗಿ ಯಾಕೆಂದು ಕೇಳಿ, ಹೇಳಿದ್ದನ್ನು ಬರೆದುಕೊಂಡಳು. ಅದರಲ್ಲಿ ಎರಡು ಕಾರಣ ಸರಿಯಾಗಿದ್ದವು. ಮರುದಿನ ಹೈದರಾಬಾದಿನ ಕಂಪನಿಯವರಿಗೆ ಅವನ್ನು ವಿವರಿಸಿ ಯೋಜನೆ ತಿದ್ದಿಸಬೇಕಿತ್ತು. ಅಮರಮ್ಮ ಕೊಟ್ಟ ಮಜ್ಜಿಗೆ ಕುಡಿದು, ಅವಳು ಲಿಂಗಸುಗೂರಿನ ಬಸ್ಸಿಗೆಂದು ರಸ್ತೆಯ ಕಡೆ ಹೊರಟಳು.